ಹೋದ ದಾರಿಯಲ್ಲಿ ಮರಳುವ ವಿದ್ಯೆ

ಗಣಿತವೆಂದೊಡನೆ ಲೆಕ್ಕವೆಂದೂ, ಲೆಕ್ಕವೆಂದೊಡನೆ ಕೂಡುವುದು ಕಳೆಯುವುದೆಂದೂ ತಿಳಿಯುವುದು ಲೋಕರೂಢಿ. ಆದರೆ ಪದವಿಪೂರ್ವ ಶಿಕ್ಷಣದ ಎರಡನೆಯ ವರ್ಷದ ಗಣಿತ ಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಮೊದಲ ಅಧ್ಯಾಯದಲ್ಲಿ ಎದುರಾಗುವುದು ಕೂಡುವಿಕೆಯೂ ಅಲ್ಲ, ಕಳೆಯುವಿಕೆಯೂ ಅಲ್ಲ. ಅಲ್ಲಿ ಅವನು ಕಾಣುವುದು ಸಂಬಂಧಗಳನ್ನು, ಫಂಕ್ಷನ್ನುಗಳನ್ನು. ‘ಈ ಫಂಕ್ಷನ್ ಒನ್-ಒನ್ ಎಂದು ಸಾಧಿಸಿ’, ‘ಆನ್‌ಟು ಎಂದು ಸಾಧಿಸಿ’, ‘ಇದಕ್ಕೆ ಇನ್ವರ್ಸ್ ಉಂಟೆಂದು ತೋರಿಸಿ’ ಎಂಬ ಪ್ರಶ್ನೆಗಳು ಸಾಲುಗಟ್ಟಿ ನಿಂತಿರುತ್ತವೆ. ಉತ್ತರವಾಗಿ ಒಂದು ಸಂಖ್ಯೆಯನ್ನು ಕಂಡುಹಿಡಿದು ಅದರ ಕೆಳಗೆ ಗೆರೆಯೆಳೆಯುವ ಅಭ್ಯಾಸದಲ್ಲಿ ಹತ್ತು ವರ್ಷ ಬೆಳೆದ ಮಗುವಿಗೆ, ಉತ್ತರವೇ ಇಲ್ಲದ, ಬರಿಯ ಕಾರಣಗಳನ್ನಷ್ಟೇ ಕೇಳುವ ಈ ಪ್ರಶ್ನೆಗಳು ಹೊಸ ನಾಡಿನ ಭಾಷೆಯಂತೆ ತೋರುವುದು ಸಹಜವೇ ಆಗಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ನಾಲ್ಕು ಕಡೆಯ ಮಕ್ಕಳ ಮಟ್ಟಿಗೆ ‘ಹೊಸ ಭಾಷೆ’ ಎಂಬುದು ಉಪಮೆ ಮಾತ್ರವಲ್ಲ, ಅಕ್ಷರಶಃ ಸತ್ಯ. ಅಡಕೆ ತೋಟದ ನೆರಳಿನಲ್ಲಿ ಬೆಳೆದ ಚನ್ನಗಿರಿಯ ಮಗುವಾಗಲಿ, ತುಂಗಭದ್ರೆಯ ದಡದ ಹೊನ್ನಾಳಿಯ ಮಗುವಾಗಲಿ, ಮಳೆಯ ಮುಖವನ್ನೇ ನೋಡುತ್ತ ಕುಳಿತ ಜಗಳೂರಿನ ಬಯಲುಸೀಮೆಯ ಮಗುವಾಗಲಿ, ಎಸ್.ಎಸ್.ಎಲ್.ಸಿ.ವರೆಗೆ ಬಹುಪಾಲು ಕನ್ನಡದಲ್ಲಿಯೇ ಓದಿ ಬಂದದ್ದು. ವಿಜ್ಞಾನ ವಿಭಾಗವನ್ನು ಸೇರಿದೊಡನೆ ಪಾಠ ಬಹುಮಟ್ಟಿಗೆ ಇಂಗ್ಲಿಷಿಗೆ ತಿರುಗುತ್ತದೆ. ವಿಷಯವೂ ಹೊಸದು, ಮಾತೂ ಹೊಸದು. ಈ ಎರಡು ಹೊಸತುಗಳ ನಡುವೆ ಸಿಕ್ಕಿಕೊಂಡ ಮಗು ಭಾಷೆ ತಿಳಿಯದುದನ್ನು ಬುದ್ಧಿ ಸಾಲದುದೆಂದು ಬಗೆದು, ‘ಗಣಿತ ನನ್ನ ಪಾಲಿಗಲ್ಲ’ ಎಂದು ಕೈಚೆಲ್ಲಿದರೆ, ಆ ನಷ್ಟ ಆ ಮಗುವಿನದಷ್ಟೇ ಅಲ್ಲ. ಓದಿಸಿದ ಶಾಲೆಯದು, ಆಶ್ರಯವಿತ್ತ ವಿದ್ಯಾರ್ಥಿನಿಲಯದದು, ಊರಿನದು ಕೂಡ.

ಈ ಸೀಮೆಯಲ್ಲಿ ಬಹುಕಾಲ ಗಣಿತ ಬೋಧಿಸಿದ ಅಧ್ಯಾಪಕರೊಬ್ಬರು ಈ ಅಧ್ಯಾಯವನ್ನು ಕಲಿಸುವ ಬಗೆ ಬೇರೆಯೇ ಆಗಿತ್ತು. ಅವರು ಕರಿಹಲಗೆಯ ಮೇಲೆ ಮೊದಲು ಚಿಹ್ನೆಗಳನ್ನು ಬರೆಯುತ್ತಿರಲಿಲ್ಲ; ಊರುಗಳ ಹೆಸರನ್ನು ಬರೆಯುತ್ತಿದ್ದರು. ಎಡಗಡೆ ಒಂದು ದೊಡ್ಡ ಸುತ್ತು, ಅದರೊಳಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಬಲಗಡೆ ಇನ್ನೊಂದು ಸುತ್ತು, ಅದರೊಳಗೆ ಶಿವಮೊಗ್ಗ, ಚಿತ್ರದುರ್ಗ. ‘ಒಂದೊಂದು ಊರಿನಿಂದಲೂ ಅದರ ಜಿಲ್ಲೆಗೆ ಬಾಣ ಎಳೆಯಿರಿ. 1997ಕ್ಕೆ ಮುಂಚಿನ ಲೆಕ್ಕ’ ಎನ್ನುತ್ತಿದ್ದರು. ಮಕ್ಕಳು ಮನೆಯಲ್ಲಿ ಹಿರಿಯರಿಂದ ಕೇಳಿದ್ದನ್ನು ನೆನೆದು ಎಳೆಯುತ್ತಿದ್ದರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಈ ಮೂರೂ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ.

ಇದೇ ಫಂಕ್ಷನ್. ಕನ್ನಡದಲ್ಲಿ ಇದನ್ನು ಫಲನವೆಂದೂ ಉತ್ಪನ್ನವೆಂದೂ ಕರೆಯುವುದುಂಟು. ಹೊರಡುವ ಗಣವೊಂದು, ಸೇರುವ ಗಣವೊಂದು, ಅವುಗಳ ನಡುವೆ ಒಂದು ನಿಯಮ. ಈ ನಿಯಮಕ್ಕೆ ಎರಡೇ ಕಟ್ಟಳೆಗಳು. ಹೊರಡುವ ಗಣದಲ್ಲಿ ಯಾರನ್ನೂ ಬಿಡಬಾರದು; ಯಾರನ್ನೂ ಎರಡು ಕಡೆಗೆ ಕಳಿಸಬಾರದು. ಒಂದು ಊರಿಗೆ ಜಿಲ್ಲೆಯೇ ಇಲ್ಲವೆಂದರೆ ಫಲನವಾಗದು. ಒಂದೇ ಊರಿಗೆ ಒಂದೇ ಕಾಲದಲ್ಲಿ ಎರಡು ಜಿಲ್ಲೆಗಳೆಂದರೂ ಫಲನವಾಗದು. ಆದರೆ ಮೂರು ಊರುಗಳು ಒಂದೇ ಜಿಲ್ಲೆಗೆ ಸೇರಲು ಅಡ್ಡಿಯಿಲ್ಲ. ಜರ್ಮನಿಯ ಡಿರಿಕ್ಲೆ 1837ರಲ್ಲಿ ಫಲನಕ್ಕೆ ಕೊಟ್ಟ ವಿವರಣೆಯ ಸಾರವೂ ಇದೇ: ಸೂತ್ರವಿರಲಿ ಇಲ್ಲದಿರಲಿ, ಒಂದೊಂದಕ್ಕೂ ನಿಶ್ಚಿತವಾದ ಒಂದು ಬೆಲೆಯಿದ್ದರೆ ಸಾಕು. ಬೀಜಗಣಿತದ ಸೂತ್ರವೇ ಫಲನವೆಂಬ ಹಳೆಯ ಭ್ರಮೆ ಅಲ್ಲಿಂದ ಮುಂದೆ ಕರಗಿತು.

ಇನ್ನು ಒನ್-ಒನ್ ಎಂದರೇನು? ಬೇರೆ ಬೇರೆಯವರು ಬೇರೆ ಬೇರೆ ಕಡೆಗೇ ಹೋಗಬೇಕು. ಇಬ್ಬರು ಒಂದೆಡೆ ಸೇರಬಾರದು. ಮೇಲಿನ ಚಿತ್ರದಲ್ಲಿ ಮೂರು ಊರುಗಳು ಶಿವಮೊಗ್ಗದಲ್ಲಿ ಕೂಡಿದ್ದರಿಂದ ಅದು ಒನ್-ಒನ್ ಅಲ್ಲ. ಆನ್‌ಟು ಎಂದರೇನು? ಸೇರುವ ಗಣದಲ್ಲಿ ಯಾರೂ ಬಾರದ ಮನೆ ಒಂದೂ ಉಳಿಯಬಾರದು. ಶಿವಮೊಗ್ಗಕ್ಕೂ ಬಾಣ ಬಂದಿದೆ, ಚಿತ್ರದುರ್ಗಕ್ಕೂ ಬಂದಿದೆ; ಆದ್ದರಿಂದ ಅದು ಆನ್‌ಟು. ಇಲ್ಲಿಯವರೆಗೆ ಬಂದ ಮೇಲೆ ಅಧ್ಯಾಪಕರು ಬಲಗಡೆಯ ಸುತ್ತಿನೊಳಗೆ ದಾವಣಗೆರೆ ಎಂದು ಸೇರಿಸುತ್ತಿದ್ದರು. ‘ಬಾಣಗಳನ್ನು ಮುಟ್ಟಬೇಡಿ. ಈಗ ಆನ್‌ಟು ಹೌದೋ ಅಲ್ಲವೋ?’ ದಾವಣಗೆರೆಗೆ ಯಾರೂ ಬಂದಿಲ್ಲ. ಆದ್ದರಿಂದ ಆನ್‌ಟು ಅಲ್ಲ. ನಿಯಮ ಬದಲಾಗಲಿಲ್ಲ, ಒಂದು ಬಾಣವೂ ಅಲುಗಲಿಲ್ಲ. ಸೇರುವ ಗಣ ಹಿರಿದಾದುದರಿಂದಲೇ ಗುಣ ಕೆಟ್ಟಿತು. ಫಲನದ ಗುಣವನ್ನು ಕುರಿತು ಮಾತನಾಡುವವನು ಎಲ್ಲಿಂದ ಎಲ್ಲಿಗೆ ಎಂಬುದನ್ನು ಹೇಳದೆ ಬಾಯಿ ತೆರೆಯಬಾರದೆಂಬ ಪಾಠ ಅಲ್ಲಿಗೆ ಮನಸ್ಸಿನಲ್ಲಿ ನಾಟುತ್ತಿತ್ತು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿತು. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ, ಜಗಳೂರು ತಾಲ್ಲೂಕು ಚಿತ್ರದುರ್ಗದಿಂದಲೂ ಬಂದು ಇಲ್ಲಿ ಸೇರಿದವು. ನಾಲ್ಕೂ ಬಾಣಗಳು ಈಗ ಒಂದೇ ಬಿಂದುವಿಗೆ. ಇದಕ್ಕಿಂತಲೂ ಸ್ವಾರಸ್ಯವಾದ ಬದಲಾವಣೆ ನ್ಯಾಮತಿಯದು. ನ್ಯಾಮತಿ ಬಹುಕಾಲ ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ನಾಲ್ಕು ಊರುಗಳಿಂದ ಅವುಗಳ ತಾಲ್ಲೂಕಿಗೆ ಬಾಣವೆಳೆದರೆ ಹೊನ್ನಾಳಿಯೂ ನ್ಯಾಮತಿಯೂ ಒಂದೇ ಕಡೆ ಸೇರುತ್ತಿದ್ದವು; ಫಲನ ಒನ್-ಒನ್ ಆಗುತ್ತಿರಲಿಲ್ಲ. 2017-18ರ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನ್ಯಾಮತಿಯೂ ಸೇರಿತು. ಅಂದಿನಿಂದ ನಾಲ್ಕು ಊರಿಗೆ ನಾಲ್ಕು ತಾಲ್ಲೂಕು. ಯಾವ ಎರಡೂ ಕೂಡುವುದಿಲ್ಲ. ಯಾವುದೂ ಬರಿದಾಗಿ ಉಳಿಯುವುದಿಲ್ಲ. ಒನ್-ಒನ್, ಆನ್‌ಟು ಎರಡೂ ಆದ ಮೇಲೆ ಬಾಣಗಳನ್ನು ತಿರುಗಿಸಲು ಬರುತ್ತದೆ: ತಾಲ್ಲೂಕಿನ ಹೆಸರು ಹೇಳಿದರೆ ಊರಿನ ಹೆಸರು ತಪ್ಪದೆ ದೊರೆಯುತ್ತದೆ. ಇದೇ ಇನ್ವರ್ಟಿಬಲ್, ಅಂದರೆ ಹೋದ ದಾರಿಯಲ್ಲಿ ಮರಳಲು ಬರುವ ಫಲನ. ಮರಳುವ ಬಾಣಗಳೇ ಅದರ ವಿಲೋಮ.

ಅಂಚೆಯ ಪಿನ್‌ಕೋಡ್ ಕೂಡ ಅವರಿಗೆ ಒಳ್ಳೆಯ ನಿದರ್ಶನವಾಗಿತ್ತು. 1972ರ ಆಗಸ್ಟ್ 15ರಂದು ದೇಶದಲ್ಲಿ ಜಾರಿಗೆ ಬಂದ ಈ ಆರಂಕಿಯ ಪದ್ಧತಿಯಲ್ಲಿ ಚನ್ನಗಿರಿಗೆ 577213, ಹೊನ್ನಾಳಿಗೆ 577217, ನ್ಯಾಮತಿಗೆ 577223, ಜಗಳೂರಿಗೆ 577528. ಮೊದಲ ಮೂರು ಅಂಕಿಗಳನ್ನಷ್ಟೇ ನೋಡಿದರೆ ನಾಲ್ಕಕ್ಕೂ 577. ಊರನ್ನು ಗುರುತಿಸಲು ಬಾರದು. ಕಡೆಯ ಮೂರು ಅಂಕಿಗಳನ್ನು ನೋಡಿದರೆ ನಾಲ್ಕೂ ಬೇರೆ. 223 ಎಂದೊಡನೆ ನ್ಯಾಮತಿ ಎನ್ನಬಹುದು. ಆದರೆ ಸುತ್ತಣ ಹಳ್ಳಿಗಳನ್ನೂ ಎಡಗಡೆಯ ಗಣಕ್ಕೆ ಸೇರಿಸಿಬಿಟ್ಟರೆ ಒಂದೇ ಸಂಖ್ಯೆಯಡಿ ಹಲವು ಊರುಗಳು ಬಂದು ಒನ್-ಒನ್ ಗುಣ ಹೊರಟುಹೋಗುತ್ತದೆ. ಆದುದರಿಂದಲೇ ವಿಳಾಸದಲ್ಲಿ ಪಿನ್‌ಕೋಡಿನ ಜೊತೆಗೆ ಊರಿನ ಹೆಸರನ್ನೂ ಬರೆಯಬೇಕಾಗಿರುವುದು.

ಒನ್-ಒನ್ ಗುಣ ಕೆಟ್ಟಾಗ ಕಳೆದುಹೋಗುವುದೇನು ಎಂಬುದನ್ನು ತಿಳಿಯಲು ಹೊನ್ನಾಳಿಯ ಹೊಳೆಯ ದಡಕ್ಕಿಂತ ಉತ್ತಮ ತರಗತಿ ಬೇರೊಂದಿಲ್ಲ. ಮೇಲೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸಿ, ಒಂದೇ ಪ್ರವಾಹವಾಗಿ ಹೊನ್ನಾಳಿಗೆ ಇಳಿದು ಬರುತ್ತವೆ. ಹೊನ್ನಾಳಿಯಲ್ಲಿ ಬೊಗಸೆ ನೀರೆತ್ತಿ ‘ಇದು ತುಂಗೆಯದೋ, ಭದ್ರೆಯದೋ’ ಎಂದು ಕೇಳಿದರೆ ಯಾರು ಉತ್ತರ ಹೇಳಬಲ್ಲರು? ಒಮ್ಮೆ ಬೆರೆತದ್ದನ್ನು ಮುಂದಿನ ಯಾವ ಹರಿವೂ ಬೇರ್ಪಡಿಸಲಾರದು. ಫಲನಗಳ ಸಂಯೋಜನೆಯನ್ನು ಕುರಿತ ಮೊದಲ ಪ್ರಮೇಯದ ತಿರುಳೇ ಇದು. ಒಂದು ಫಲನವನ್ನು ನಡೆಸಿ, ಅದರ ಫಲದ ಮೇಲೆ ಇನ್ನೊಂದನ್ನು ನಡೆಸಿದರೆ ಅದು ಸಂಯೋಜನೆ: ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಒಟ್ಟಿನಲ್ಲಿ ಹಳ್ಳಿಯಿಂದ ಜಿಲ್ಲೆಗೆ. ಹೀಗೆ ಒಟ್ಟಾರೆ ಫಲನ ಒನ್-ಒನ್ ಆಗಿದ್ದರೆ ಮೊದಲ ಹೆಜ್ಜೆ ಒನ್-ಒನ್ ಆಗಿರಲೇಬೇಕು. ಏಕೆಂದರೆ ಮೊದಲ ಹೆಜ್ಜೆಯಲ್ಲಿ ಇಬ್ಬರು ಒಂದೆಡೆ ಸೇರಿಬಿಟ್ಟರೆ ಎರಡನೆಯ ಹೆಜ್ಜೆ ಅವರನ್ನು ಒಟ್ಟಿಗೇ ಕೊಂಡೊಯ್ಯುತ್ತದೆ. ಹಾಗೆಯೇ ಒಟ್ಟಾರೆ ಫಲನ ಆನ್‌ಟು ಆಗಿದ್ದರೆ ಕಡೆಯ ಹೆಜ್ಜೆ ಆನ್‌ಟು ಆಗಿರಲೇಬೇಕು. ಕಡೆಯ ಮನೆಗಳಿಗೆ ಬರುವವರೆಲ್ಲರೂ ಆ ಹೆಜ್ಜೆಯಿಂದಲೇ ಬರಬೇಕಷ್ಟೆ. ಮೊದಲನೆಯದು ಮೊದಲ ಹೆಜ್ಜೆಯ ಹೊಣೆ, ಎರಡನೆಯದು ಕಡೆಯ ಹೆಜ್ಜೆಯ ಹೊಣೆ. ಇಷ್ಟನ್ನು ತಿಳಿದ ವಿದ್ಯಾರ್ಥಿ ಪ್ರಮೇಯವನ್ನು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ.

ಬಾಯಿಪಾಠದ ಮಾತು ಬಂದುದರಿಂದ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಜಗಳೂರು ಕಡೆಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದ ಹುಡುಗನೊಬ್ಬ ಕಿರುಪರೀಕ್ಷೆಗಳಲ್ಲಿ ಈ ಅಧ್ಯಾಯಕ್ಕೆ ಪೂರ್ಣ ಅಂಕ ಪಡೆಯುತ್ತಿದ್ದನು. ಆದರೂ ಗಣಿತವನ್ನು ಬಿಟ್ಟು ಬೇರೆ ವಿಭಾಗಕ್ಕೆ ಹೋಗಬೇಕೆಂದು ಅರ್ಜಿ ಬರೆದು ತಂದನು. ಅಧ್ಯಾಪಕರು ಅರ್ಜಿಯನ್ನು ಮೇಜಿನ ಮೇಲಿಟ್ಟು ಸೀಮೆಸುಣ್ಣವನ್ನು ಅವನ ಕೈಗಿತ್ತರು. ಪುಸ್ತಕದಲ್ಲಿ ವಾಸ್ತವ ಸಂಖ್ಯೆಗಳ ಮೇಲೆ ಇದ್ದ ಮಾದರಿಯನ್ನೇ ತುಸು ಬದಲಿಸಿ, ಪೂರ್ಣಾಂಕಗಳಿಂದ ಪೂರ್ಣಾಂಕಗಳಿಗೆ ಒಂದು ಫಲನವನ್ನು ಹೇಳಿದರು: ಎಕ್ಸ್ ಅನ್ನು 4ರಿಂದ ಗುಣಿಸಿ 7 ಕೂಡಿಸು. ಹುಡುಗ ಸರಸರನೆ ಬರೆದನು. ಎರಡು ಬೆಲೆಗಳು ಸಮವೆಂದಿಟ್ಟು, 7ನ್ನು ಕಳೆದು, 4ರಿಂದ ಭಾಗಿಸಿ, ಒನ್-ಒನ್ ಎಂದು ತೋರಿಸಿದನು. ಅದು ಸರಿಯೇ. ಆಮೇಲೆ ವೈ ಯಾವುದಾದರೂ ಇರಲಿ, ಅದರಿಂದ 7 ಕಳೆದು 4ರಿಂದ ಭಾಗಿಸಿದ್ದೇ ಎಕ್ಸ್; ಆದುದರಿಂದ ಆನ್‌ಟು ಎಂದು ಮುಗಿಸಿದನು.

‘ವೈ 8 ಆದರೆ ಎಕ್ಸ್ ಎಷ್ಟಪ್ಪಾ?’

‘ಕಾಲು, ಸಾರ್.’

‘ನಮ್ಮ ಎಡಗಡೆಯ ಸುತ್ತಿನಲ್ಲಿ ಕಾಲು ಇದೆಯೇನು?’

ಹುಡುಗ ಹಲಗೆಯನ್ನೇ ನೋಡುತ್ತ ನಿಂತನು. ‘ಇಲ್ಲ ಸಾರ್. ಪೂರ್ಣಾಂಕ ಮಾತ್ರ.’

‘ಹಾಗಾದರೆ 8ರ ಮನೆಗೆ ಬಂದವರು ಯಾರು?’

‘ಯಾರೂ ಬರಲಿಲ್ಲ ಸಾರ್.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪುಸ್ತಕದಲ್ಲಿ ಕಡೆಯ ಸಾಲು ಹಾಗಿತ್ತು ಸಾರ್, ಅದಕ್ಕೇ ಬರೆದೆ. ಎಲ್ಲವನ್ನೂ ಹಾಗೇ ಬರೆದಿದ್ದೇನೆ. ಒಂದೂ ಅರ್ಥವಾಗಿಲ್ಲ’ ಎಂದನು. ಹೇಳುವಾಗ ಅವನ ದನಿ ಗದ್ಗದವಾಗಿತ್ತು.

‘ಈಗ ಅರ್ಥವಾಯಿತಲ್ಲಪ್ಪಾ’ ಎಂದರು ಅಧ್ಯಾಪಕರು. ‘ಯಾರೂ ಬರಲಿಲ್ಲ ಎಂದು ನೀನೇ ಹೇಳಿದೆಯಲ್ಲ. ಆನ್‌ಟು ಅಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಧನೆ ಬೇಕಿಲ್ಲ. ಅದನ್ನೇ ಬರೆ. ಇಂಗ್ಲಿಷು ಆಮೇಲೆ ಬರುತ್ತದೆ.’

ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ಅಧ್ಯಾಪಕರೂ ಅಂದಿನಿಂದ ತಮ್ಮ ಪರೀಕ್ಷಾಕ್ರಮವನ್ನು ಬದಲಿಸಿಕೊಂಡರು. ಒಂದೇ ಸೂತ್ರವನ್ನು ಎರಡು ಗಣಗಳ ಮೇಲೆ ಕೊಟ್ಟು, ಒಂದೆಡೆ ನಿಲ್ಲುವ ಸಾಧನೆ ಇನ್ನೊಂದೆಡೆ ಏಕೆ ನಿಲ್ಲದೆಂದು ಕೇಳತೊಡಗಿದರು. ಆ ಪ್ರಶ್ನೆಗೆ ಬಾಯಿಪಾಠದಿಂದ ಉತ್ತರ ಬರೆಯಲು ಬಾರದು. ವರ್ಗ ಮಾಡುವ ಫಲನವನ್ನೇ ನೋಡಬಹುದು. ಎಲ್ಲ ವಾಸ್ತವ ಸಂಖ್ಯೆಗಳ ಮೇಲೆ ಅದು ಒನ್-ಒನ್ ಅಲ್ಲ: 2 ಮತ್ತು ಋಣ 2, ಇವೆರಡರ ವರ್ಗವೂ 4. ಆನ್‌ಟು ಕೂಡ ಅಲ್ಲ: ಋಣ 1ರ ಮನೆಗೆ ಯಾರೂ ಬರುವುದಿಲ್ಲ. ಆದರೆ ಎರಡೂ ಗಣಗಳಿಂದ ಋಣಸಂಖ್ಯೆಗಳನ್ನು ತೆಗೆದುಬಿಟ್ಟರೆ ಅದೇ ಸೂತ್ರ ಒನ್-ಒನ್ ಆಗುತ್ತದೆ, ಆನ್‌ಟು ಆಗುತ್ತದೆ, ಮರಳುವ ದಾರಿಯೂ ತೆರೆಯುತ್ತದೆ. ಆ ದಾರಿಯ ಹೆಸರೇ ವರ್ಗಮೂಲ.

ಸಾಧನೆ ಎಂಬ ಮಾತಿನ ತೂಕವೂ ಇಲ್ಲಿಯೇ ತಿಳಿಯುವುದು. ಒಂದು ಸಂಖ್ಯೆಯ ಘನದಿಂದ ಆ ಸಂಖ್ಯೆಯನ್ನು ಕಳೆಯುವ ಫಲನವನ್ನು ತೆಗೆದುಕೊಳ್ಳೋಣ. 2ಕ್ಕೆ 6, 3ಕ್ಕೆ 24, 4ಕ್ಕೆ 60. ನೂರು ಸಂಖ್ಯೆಗಳವರೆಗೆ ಹೀಗೆಯೇ ನೋಡುತ್ತ ಹೋದರೂ ಎರಡು ಉತ್ತರಗಳು ಒಂದಾಗುವುದಿಲ್ಲ. ಅಷ್ಟರಿಂದ ಒನ್-ಒನ್ ಎನ್ನಬಹುದೇ? ಸೊನ್ನೆಗೆ ಸೊನ್ನೆ, 1ಕ್ಕೂ ಸೊನ್ನೆ. ನೂರು ಸಾಕ್ಷಿಗಳನ್ನು ಈ ಒಂದು ಜೊತೆ ಉರುಳಿಸಿಬಿಟ್ಟಿತು. ಅಲ್ಲವೆನ್ನಲು ಒಂದು ಪ್ರತ್ಯುದಾಹರಣೆ ಸಾಕು; ಹೌದೆನ್ನಲು ಸಾವಿರ ಉದಾಹರಣೆಗಳೂ ಸಾಲವು. ಹೌದೆನ್ನಬೇಕಾದರೆ, ಹೆಸರಿಲ್ಲದ ಯಾವುದೋ ಇಬ್ಬರನ್ನು ತೆಗೆದುಕೊಂಡು, ಅವರ ಬಿಂಬ ಒಂದೇ ಆದರೆ ಅವರಿಬ್ಬರೂ ಒಬ್ಬರೇ ಎಂದು ತೋರಿಸಬೇಕು. ಕೆಲವರನ್ನು ಕಂಡು ಎಲ್ಲರ ಮೇಲೆ ತೀರ್ಪು ಕೊಡಬಾರದೆಂಬ ಈ ಶಿಸ್ತು ಗಣಿತದ ತರಗತಿಯ ಹೊರಗೂ ಬೇಕಾದುದೇ.

ಮರಳುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. 499ನೆಯ ಇಸವಿಯ ಕೃತಿಯಾದ ಆರ್ಯಭಟೀಯದಲ್ಲಿ ವಿಲೋಮ ವಿಧಿಯ ಸೂತ್ರವಿದೆ. 1150ರಲ್ಲಿ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಇದನ್ನು ವ್ಯಸ್ತವಿಧಿಯೆಂಬ ಹೆಸರಿನಲ್ಲಿ ವಿವರಿಸಿದ್ದಾನೆ. ಅದರ ತಾತ್ಪರ್ಯ ಸರಳ: ಕಡೆಯಿಂದ ಮೊದಲಿಗೆ ನಡೆ, ಗುಣಿಸಿದ್ದನ್ನು ಭಾಗಿಸು, ಭಾಗಿಸಿದ್ದನ್ನು ಗುಣಿಸು, ಕೂಡಿಸಿದ್ದನ್ನು ಕಳೆ, ಕಳೆದದ್ದನ್ನು ಕೂಡಿಸು, ವರ್ಗವಿದ್ದೆಡೆ ಮೂಲವನ್ನು ತೆಗೆ. ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, 5 ಕೂಡಿಸಿ, ಅರ್ಧ ಮಾಡಿ, 4 ಕಳೆದರೆ 9 ಉಳಿಯಿತೆನ್ನೋಣ. ಆ ಸಂಖ್ಯೆ ಯಾವುದು? 9ಕ್ಕೆ 4 ಕೂಡಿಸಿದರೆ 13; ಇಮ್ಮಡಿಸಿದರೆ 26; 5 ಕಳೆದರೆ 21; 3ರಿಂದ ಭಾಗಿಸಿದರೆ 7. ಬೀಜಗಣಿತದ ಅಕ್ಷರವೊಂದನ್ನೂ ಬರೆಯದೆ ಉತ್ತರ ದೊರೆಯಿತು. ಇಂದಿನ ಗಣಿತ ಹೇಳುವುದೂ ಇದನ್ನೇ: ಎರಡು ಫಲನಗಳ ಸಂಯೋಜನೆಯ ವಿಲೋಮವೆಂದರೆ ಅವುಗಳ ವಿಲೋಮಗಳನ್ನು ತಿರುವುಮುರುವು ಕ್ರಮದಲ್ಲಿ ಸಂಯೋಜಿಸಿದ್ದು.

ಕ್ರಮ ತಿರುಗಬೇಕು ಏಕೆ ಎಂದು ಕೇಳಿದ ಹುಡುಗಿಯೊಬ್ಬಳಿಗೆ ಅಧ್ಯಾಪಕರು, ‘ನಿಮ್ಮ ಚನ್ನಗಿರಿಯಲ್ಲಿ ಅಡಕೆ ಕಳಿಸುವುದನ್ನು ನೋಡಿಲ್ಲವೇ ತಾಯಿ?’ ಎಂದು ಕೇಳಿದರು. ಗೋಣಿಚೀಲಕ್ಕೆ ಅಡಕೆ ತುಂಬುವುದು ಮೊದಲು; ದಬ್ಬಣದಿಂದ ಚೀಲದ ಬಾಯಿ ಹೊಲಿಯುವುದು ಆಮೇಲೆ; ಲಾರಿಗೆ ಏರಿಸುವುದು ಕಡೆಗೆ. ತಲಪಿದ ಊರಿನಲ್ಲಿ ಮೊದಲು ಇಳಿಸಬೇಕು, ಆಮೇಲೆ ಹೊಲಿಗೆ ಬಿಚ್ಚಬೇಕು, ಕಡೆಗೆ ಸುರಿಯಬೇಕು. ಹೊಲಿಗೆ ಬಿಚ್ಚದೆ ಸುರಿಯಲಾದೀತೇ? ಕಡೆಯಲ್ಲಿ ಮಾಡಿದ್ದನ್ನು ಮೊದಲು ಬಿಡಿಸಬೇಕು. ಕ್ರಮವೆಂಬುದು ಸಂಯೋಜನೆಯಲ್ಲಿ ಅಲಂಕಾರವಲ್ಲ, ಅರ್ಥವೇ ಅದರಲ್ಲಿದೆ. 6ನ್ನು ಇಮ್ಮಡಿಸಿ 10 ಕೂಡಿಸಿದರೆ 22. 10 ಕೂಡಿಸಿ ಇಮ್ಮಡಿಸಿದರೆ 32. ಕೆಲಸಗಳು ಅವೇ ಎರಡು, ಫಲ ಮಾತ್ರ ಬೇರೆ.

ಒಬ್ಬರಿಗೊಂದು, ಯಾವುದೂ ಉಳಿಯದಂತೆ ಎಂಬ ಹೊಂದಾಣಿಕೆ ಎಣಿಕೆಗಿಂತಲೂ ಹಿಂದಿನದು. ದಾಸೋಹದ ಪಂಕ್ತಿಯಲ್ಲಿ ಎಲೆ ಹಾಕಿದೆ, ಮಕ್ಕಳು ಕುಳಿತರು. ಒಂದೆಲೆಗೆ ಇಬ್ಬರು ಕುಳಿತಿಲ್ಲ, ಯಾವ ಎಲೆಯೂ ಖಾಲಿಯಿಲ್ಲವೆಂದರೆ, ಎಷ್ಟು ಎಲೆಗಳೆಂಬುದನ್ನಾಗಲಿ ಎಷ್ಟು ಮಕ್ಕಳೆಂಬುದನ್ನಾಗಲಿ ತಿಳಿಯದೆಯೂ ಎರಡೂ ಸಮವೆಂದು ಹೇಳಬಹುದು. ಎಲೆಗಳೂ ಮಕ್ಕಳೂ ಸಮಸಂಖ್ಯೆಯಲ್ಲಿದ್ದರೆ ಒಂದೆಲೆಗೆ ಒಬ್ಬರೆಂಬ ನಿಯಮವೊಂದೇ ಸಾಕು. ಎಲ್ಲ ಎಲೆಗಳೂ ತಾವಾಗಿಯೇ ತುಂಬುತ್ತವೆ. ಅಂದರೆ ಸಮಸಂಖ್ಯೆಯ ಎರಡು ಪರಿಮಿತ ಗಣಗಳ ನಡುವೆ ಒನ್-ಒನ್ ಆದುದು ಆನ್‌ಟು ಆಗಿಯೇ ತೀರುತ್ತದೆ. ಅನಂತದಲ್ಲಿ ಈ ನಿಯಮ ಮುರಿಯುತ್ತದೆ. 1, 2, 3 ಎಂದು ಮುಗಿಯದೆ ಸಾಗುವ ಸಂಖ್ಯೆಗಳಲ್ಲಿ ಪ್ರತಿಯೊಬ್ಬರೂ ಒಂದು ಸ್ಥಾನ ಮುಂದೆ ಸರಿದರೆ ಇಬ್ಬರು ಎಲ್ಲಿಯೂ ಕೂಡುವುದಿಲ್ಲ. ಆದರೂ 1ರ ಜಾಗ ಬರಿದಾಗುತ್ತದೆ. ತನ್ನದೇ ಒಂದು ಭಾಗದೊಡನೆ ಹೀಗೆ ಸಮವಾಗಿ ಹೊಂದಿಕೊಳ್ಳುವ ಗುಣವನ್ನೇ ಡೆಡೆಕಿಂಡ್ ಎಂಬ ಗಣಿತಜ್ಞನು 1888ರಲ್ಲಿ ಅನಂತದ ಲಕ್ಷಣವೆಂದು ಸ್ಥಾಪಿಸಿದನು. ಪಂಕ್ತಿಯ ಎಲೆಯಿಂದ ಅನಂತದ ಬಾಗಿಲವರೆಗೆ ಒಂದೇ ವಿಚಾರ ಕೈಹಿಡಿದು ನಡೆಸುವುದು ಈ ಶಾಸ್ತ್ರದ ಸೊಗಸು.

ಆ ಅಧ್ಯಾಪಕರು ಈ ವಿಚಾರಗಳನ್ನು ಅಂಕಗಳಿಗಾಗಿ ಮಾತ್ರ ಕಲಿಸಿದವರಲ್ಲ. ನಿವೃತ್ತಿಗೆ ಮುನ್ನ ಸಹೋದ್ಯೋಗಿಗಳೊಡನೆ ಮಾತನಾಡುತ್ತ ಅವರು ವಿದ್ಯಾಸಂಸ್ಥೆಯನ್ನೇ ಫಲನದ ಭಾಷೆಯಲ್ಲಿ ವಿವರಿಸಿದ್ದುಂಟು. ಫಲನದ ಮೊದಲ ಕಟ್ಟಳೆ ಯಾರನ್ನೂ ಬಿಡಬಾರದೆಂಬುದು. ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದು ತರಗತಿಯಲ್ಲಿ ಕಾಣದ ಮಗು ಒಂದಿದ್ದರೂ ಶಾಲೆಯ ಕೆಲಸ ಫಲನವೆನಿಸದು. ಅದರ ಗುಣದೋಷಗಳ ಚರ್ಚೆಯೇ ಆಮೇಲಿನದು. ಹಾಗೆಯೇ ದಾನಿಗಳು ಮನಸ್ಸಿಟ್ಟು ಸ್ಥಾಪಿಸಿದ ದತ್ತಿಗಳಲ್ಲಿ ಪಡೆಯುವವರಿಲ್ಲದೆ ವರ್ಷ ಕಳೆಯುವ ದತ್ತಿಯೊಂದಿದ್ದರೆ ಹಂಚಿಕೆ ಆನ್‌ಟು ಆಗಲಿಲ್ಲ. ಹಣದ ಕೊರತೆ ಅದಕ್ಕೆ ಕಾರಣವಲ್ಲ; ಮನೆಯಿದೆ, ದಾರಿಯನ್ನು ಯಾರೂ ತೋರಲಿಲ್ಲ. ಅರ್ಹನಾದ ಮಗು ಜಗಳೂರಿನ ಹಳ್ಳಿಯಲ್ಲಿಯೋ ನ್ಯಾಮತಿಯ ತಾಂಡಾದಲ್ಲಿಯೋ ಇರಬಹುದು; ಅಲ್ಲಿಂದ ಇಲ್ಲಿಗೆ ಬಾಣವೆಳೆಯುವುದು ಅಧ್ಯಾಪಕರ ಕೆಲಸ.

ಒನ್-ಒನ್ ಗುಣದ ಮಾತು ಬಂದಾಗ ಅವರ ದನಿ ಇನ್ನಷ್ಟು ಗಂಭೀರವಾಗುತ್ತಿತ್ತು. ಬೇರೆ ಬೇರೆಯಾಗಿ ಒಳಗೆ ಬಂದ ಮಕ್ಕಳು ಒಂದೇ ಅಚ್ಚಿನ ಇಟ್ಟಿಗೆಗಳಾಗಿ ಹೊರಗೆ ಹೋಗುವಂತಾದರೆ, ಕೂಡಲಿಯ ಕೆಳಗಿನ ನೀರಿನಂತೆ ಯಾರು ಯಾರೆಂದು ಮುಂದೆ ಯಾವ ಕಾಲೇಜೂ ಗುರುತಿಸಲಾರದು. ಮೊದಲ ಹೆಜ್ಜೆಯಲ್ಲಿ ಕಳೆದ ವ್ಯತ್ಯಾಸವನ್ನು ಕಡೆಯ ಹೆಜ್ಜೆ ಮರಳಿ ಕೊಡಲಾರದೆಂಬುದು ಸಾಧಿತವಾದ ಪ್ರಮೇಯ. ಒಂದೇ ಉತ್ತರವನ್ನು ಒಂದೇ ಮಾತಿನಲ್ಲಿ ಬರೆದ ನಲವತ್ತು ಪತ್ರಿಕೆಗಳಿಗಿಂತ, ತನ್ನ ಮಾತಿನಲ್ಲಿ ‘8ರ ಮನೆಗೆ ಯಾರೂ ಬರಲಿಲ್ಲ’ ಎಂದು ಬರೆದ ಒಂದು ಪತ್ರಿಕೆಯೇ ಅವರಿಗೆ ಹೆಚ್ಚಿನ ಬೆಲೆಯುಳ್ಳದ್ದಾಗಿತ್ತು.

ಇಂದು ಈ ಅಧ್ಯಾಯವನ್ನು ಕಲಿಸುವ ತರುಣ ಅಧ್ಯಾಪಕರಿಗೆ ಸಾಧನಸಾಮಗ್ರಿಗಳ ಕೊರತೆ ಹಿಂದಿನಷ್ಟಿಲ್ಲ. ಮಾದರಿ ಉತ್ತರಗಳಂತೂ ಎಲ್ಲೆಡೆಯೂ ದೊರೆಯುತ್ತವೆ. ಅವುಗಳನ್ನು ನಕಲು ಮಾಡಲು ಗುರು ಬೇಕಿಲ್ಲ. ಗುರು ಬೇಕಾದುದು, ಎಲ್ಲಿಂದ ಎಲ್ಲಿಗೆ ಎಂದು ಮೊದಲು ಕೇಳುವುದಕ್ಕೆ. ಇಂಗ್ಲಿಷಿನ ಮಾತಿನ ಹಿಂದೆ ಇರುವ ಅರ್ಥವನ್ನು ಮಗುವಿನ ಮನೆಮಾತಿನಲ್ಲಿ ಒಮ್ಮೆ ಮುಟ್ಟಿಸುವುದಕ್ಕೆ. ತಿಳಿಯಲಿಲ್ಲವೆಂದು ಹೇಳಿದ ಮಗುವನ್ನು ಗದರಿಸದೆ, ಆ ಮಾತಿನಿಂದಲೇ ಪಾಠವನ್ನು ಆರಂಭಿಸುವುದಕ್ಕೆ. ಹಾಗೆ ಕಲಿತ ಮಕ್ಕಳು ಸಾಧನೆಯನ್ನು ಮರೆತರೂ ಚಿಂತೆಯಿಲ್ಲ. ಎಡಗಡೆಯ ಸುತ್ತಿನಿಂದ ಹೊರಟು ತಾವೇ ಅದನ್ನು ಮತ್ತೆ ಕಟ್ಟಬಲ್ಲರು.